ಅಪ್‌ಡೇಟ್: ಲಕ್ಷದ ಲ್ಯಾಪ್‌ಟಾಪ್ ಬಿಟ್ಟೆ, ₹62,000ದ್ದು ತಗೊಂಡೆ

ಕಲಬುರಗಿಯಲ್ಲಿ ಮದುವೆ ಕಾರ್ಡು, ಪ್ರಶ್ನೆಪತ್ರಿಕೆ ಡಿಟಿಪಿ ಮಾಡೋ ನನಗೆ ₹1,18,000ದ ಮ್ಯಾಕ್‌ಬುಕ್ ಏರ್ ಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಜಿಎಸ್‌ಟಿ ಬಗ್ಗೆ ಬರೆದವರ ಮಾತು ಸರಿಯಾಗಿ ನಾಟಿತು. ಲ್ಯಾಪ್‌ಟಾಪ್ ಮೇಲೆ 18% ತೆರಿಗೆ. ಅಂದ್ರೆ ಆ ಬಿಲ್ಲಿನಲ್ಲಿ ₹18,000 ತೆರಿಗೆಯೇ. ಜಿಎಸ್‌ಟಿ ನೋಂದಣಿ ಇರುವ ಕಂಪನಿ ಅದನ್ನು ಇನ್‌ಪುಟ್ ಕ್ರೆಡಿಟ್ ಅಂತ, ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತದೆ. ನೋಂದಣಿ ಇಲ್ಲದ ನನ್ನಂಥವರ ಜೇಬಿಂದ ಅಷ್ಟೂ ಹೋಗುತ್ತದೆ. ಒಂದೇ ಮಾಲು, ಎರಡು ಬೆಲೆ!

ಆದ್ರೂ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದ ಅಂಗಡಿಗೆ ಹೋಗಿ ಏರ್ ಮುಟ್ಟಿ ನೋಡಿದೆ. ಚೆಂದ ಇದೆ, ಸುಳ್ಳು ಹೇಳಲ್ಲ. ಒಂದೇ ಬೆರಳಲ್ಲಿ ಮುಚ್ಚಳ ಎತ್ತಿದರೂ ಕೆಳಗಿನ ಭಾಗ ಅಲುಗಾಡಲ್ಲ. "ಮುಂದ ರ‍್ಯಾಮ್ ಹಾಕಿಸಬಹುದೇನ್ರಿ?" ಅಂದೆ. "ಇದರಾಗ ಬರಂಗಿಲ್ಲಣ್ಣ, ಬೋರ್ಡಿಗೇ ಕೂತಿರ್ತದ" ಅಂದ ಅಂಗಡಿ ಹುಡುಗ. ಜೊತೆಗೆ ಅದರಲ್ಲಿ ಬಿಸಿ ತಣಿಸೋ ಫ್ಯಾನ್ ಇಲ್ಲ. 35 ಡಿಗ್ರಿವರೆಗೆ ಬಳಸಿ ಅಂತ ಆಪಲ್ ಹೇಳುತ್ತದೆ. ನಮ್ಮ ಮೇ ತಿಂಗಳು 40 ದಾಟುತ್ತೆ, ನನ್ನ ರೂಮಿಗೆ ಎಸಿ ಇಲ್ಲ. ನಾನು ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ ಬೇರೆ ವಿಂಡೋಸ್‌ಗೆ ಮಾಡಿದ್ದು.

ತಗೊಂಡಿದ್ದು 16 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ ಇದೆ, ಮುಂದೆ ಹಾಕಿಸಬಹುದು. ಪ್ಲಾಸ್ಟಿಕ್ ಬಾಡಿ, ಸ್ಪೀಕರ್ ಸುಮಾರು. ಮದುವೆ ವಿಡಿಯೋ ಎಡಿಟ್ ಮಾಡೋ ಗೆಳೆಯನಿಗೆ ಮಾತ್ರ ಏರ್ ಅಲ್ಲ, ಫ್ಯಾನ್ ಇರೋ ಮ್ಯಾಕ್‌ಬುಕ್ ಪ್ರೋ ತಗೋ ಅಂತಲೇ ಹೇಳಿದೆ. ಅವನ ದುಡಿಮೆಗೆ ಆ ಬೆಲೆ ಜಾಸ್ತಿ ಅಲ್ಲ. ಉಳಿದ ದುಡ್ಡಲ್ಲಿ ನನಗೆ ಯುಪಿಎಸ್, ಒಂದು ದೊಡ್ಡ ಮಾನಿಟರ್ ಬಂತು.