ಅಪ್‌ಡೇಟ್: ಊರವರದೇ ಗಾಳಿ ಫ್ಯಾನ್ ನೋಡಿ ಬಂದೆ

ಊರವರೇ ದುಡ್ಡು ಹಾಕಿ ಗಾಳಿ ವಿದ್ಯುತ್ ಮಾಡುವುದು ನಿಜಾನಾ, ಸುಮ್ನೆ ಮಾತಾ ಅಂತ ಕೇಳಿದ್ದೆ ನೆನಪಿದೆಯಾ? ನಿಮ್ಮಲ್ಲೊಬ್ಬರು ಆಸ್ಟ್ರೇಲಿಯಾದ ಹೆಪ್ಬರ್ನ್ ವಿಂಡ್ ಅನ್ನೋ ಸಹಕಾರ ಸಂಘದ ಘಟಕ ನೋಡಿ ಎಂದಿದ್ದಿರಿ. ಮೆಲ್ಬರ್ನ್‌ನಿಂದ ಡೇಲ್ಸ್‌ಫರ್ಡ್ ಕಡೆಗೆ ಕಾರು ಬಿಟ್ಟೆ. ನೂರು ಕಿಲೋಮೀಟರ್ ಆಸುಪಾಸು.

ಲೆನರ್ಡ್ಸ್ ಹಿಲ್ ಗುಡ್ಡದ ಮೇಲೆ ಎರಡೇ ಎರಡು ಫ್ಯಾನ್. ಅವಕ್ಕೆ ಹೆಸರೂ ಇದೆ, ಗೇಲ್ ಮತ್ತು ಗಸ್ಟೋ! ಎರಡೂ ಸೇರಿ 4.1 ಮೆಗಾವಾಟ್. ತಿರುಗಲು ಶುರುವಾಗಿದ್ದು 2011ರಲ್ಲಿ. ಆಸ್ಟ್ರೇಲಿಯಾದಲ್ಲಿ ಜನರೇ ಮಾಲೀಕರಾದ ಮೊದಲ ಗಾಳಿ ವಿದ್ಯುತ್ ಘಟಕ ಇದು. ಸದಸ್ಯರು ಸುಮಾರು 2000.

ನಾನು ತಪ್ಪು ತಿಳಿದಿದ್ದು ಒಂದಿತ್ತು. ಸದಸ್ಯರ ಮನೆಗೆ ನೇರವಾಗಿ ವೈರ್ ಎಳೆದಿರುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಕರೆಂಟು ಗ್ರಿಡ್‌ಗೆ, ಅಂದರೆ ಎಲ್ಲರಿಗೂ ಕರೆಂಟು ಹಂಚುವ ಸಾರ್ವಜನಿಕ ಜಾಲಕ್ಕೆ ಹೋಗುತ್ತದೆ, ಮಾರಿದ ದುಡ್ಡು ಸಂಘಕ್ಕೆ ಬರುತ್ತದೆ. ಅದರಲ್ಲಿ ಒಂದು ಪಾಲು ಊರಿನ ಕೆಲಸಗಳಿಗೂ ಹೋಗುತ್ತದೆ. ಮಾರುಕಟ್ಟೆಯಲ್ಲಿ ದರ ಬಿದ್ದರೆ ವರಮಾನವೂ ಬೀಳುತ್ತದೆ. ಹಾಗಾಗಿ ಎಫ್‌ಡಿ ಥರ ಖಾತ್ರಿ ಬಡ್ಡಿ ಬೇಕೆನ್ನುವವರಿಗೆ ಇದು ಸರಿಹೋಗಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಓಟಿನ ವಿಷಯ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ನಮ್ಮ ಹಾಲಿನ ಸೊಸೈಟಿ ಥರಾನೇ, ಅಲ್ವಾ?

ನಾನು ಗದಗಿನವನು. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತ್ತು. ಅತ್ತ ಕಪ್ಪತಗುಡ್ಡದ ಮೇಲೆ ಫ್ಯಾನುಗಳೂ ಇವೆ. ಇವೆರಡನ್ನೂ ಜೋಡಿಸಬಹುದು ಅಂತ ನನಗೆ ಹೊಳೆಯಲು ಆಸ್ಟ್ರೇಲಿಯಾಕ್ಕೆ ಬರಬೇಕಾಯಿತು ನೋಡಿ. ಅಪ್ಪನಿಗೆ ಫೋಟೋ ಕಳಿಸಿದೆ. "ಎರಡೇನಾ?" ಅಂದರು.