ಸಂಪಿನ ನೀರು ಕೆಟ್ಟಿದೆ, ಭಾನುವಾರ ಎಲ್ಲರೂ ಸೇರೋಣ

ಮೂಲೆಮನೆ, 2ನೇ ಅಡ್ಡರಸ್ತೆ:
ನಮಸ್ಕಾರ. ನಮ್ಮ ಸಾಲಿನ ಮಕ್ಕಳಿಗೆಲ್ಲ ವಾಂತಿ ಭೇದಿ. ಇವತ್ತು ನೀರು ಬಿಟ್ಟಾಗ ಮೊದಲ ಬಕೆಟ್ ಮಬ್ಬಾಗಿ ಬಂತು, ಮೋರಿ ವಾಸನೆ ಬೇರೆ. ನಿಮ್ಮಲ್ಲೂ ಹೀಗೇನಾ?

ಬೇವಿನ ಮರದ ಎದುರು ಮನೆ:
ನಮ್ಮಲ್ಲೂ ಅದೇ. ಸಂಪಿಗೆ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಸುರಿದೆ. ಸಾಕಲ್ವಾ?

ಮಹಡಿ ಮನೆ, 4ನೇ ಅಡ್ಡರಸ್ತೆ:
ಅಂಕಲ್, ದಯವಿಟ್ಟು ಆ ನೀರು ಕುಡಿಯಬೇಡಿ. ನನ್ನ ಕೆಲಸವೇ ನೀರಿನ ಪರೀಕ್ಷೆ, ಅದಕ್ಕೇ ಹೇಳುತ್ತಿದ್ದೇನೆ. ಮೊದಲು ಸಂಪು ಖಾಲಿ ಮಾಡಿ ಗೋಡೆ ಉಜ್ಜಬೇಕು. ಕೈಯಿಟ್ಟರೆ ಲೋಳೆ ಜಾರುತ್ತದಲ್ಲ, ರೋಗಾಣು ಅದರೊಳಗೇ ಅಂಟಿಕೊಂಡಿರುತ್ತವೆ, ಬ್ಲೀಚಿಂಗ್ ಪೌಡರಿನಲ್ಲಿರುವ ಕ್ಲೋರಿನ್ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ತಳದಲ್ಲಿ ಕೆಸರಿದ್ದರೆ ಹಾಕಿದ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ.

ಆಮೇಲೆ ಅಳತೆ. ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ 10,000 ಲೀಟರಿನ ಸಂಪಿಗೆ 25 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಕಲಕಿ, ಹತ್ತು ನಿಮಿಷ ಬಿಡಿ. ಪುಡಿಯಲ್ಲಿರುವ ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಸಂಪಿಗೆ. ಒಂದು ಗಂಟೆ ಆದ ಮೇಲೆ ಬಳಸಿ. ಆಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೋಡುವ ಕಿಟ್ ನನ್ನ ಹತ್ತಿರ ಇದೆ, ಹಳದಿ ಬಣ್ಣ ಬಂದರೆ ಕ್ಲೋರಿನ್ ಇದೆ ಅಂತ.

ಬೇವಿನ ಮರದ ಎದುರು ಮನೆ:
ನಮ್ಮ ಪ್ಯಾಕೆಟ್ ಕಳೆದ ವರ್ಷದ್ದಮ್ಮ, ಗಂಟು ಗಂಟಾಗಿದೆ, ವಾಸನೆಯೂ ಇಲ್ಲ.

ಮಹಡಿ ಮನೆ:
ಹಾಗಾದರೆ ಅದರ ಶಕ್ತಿ ಹೋಗಿದೆ ಅಂಕಲ್. ಹೊಸದರಲ್ಲಿ ಕ್ಲೋರಿನ್ ಶೇ 33ರಷ್ಟು ಇರುತ್ತದೆ, ಗಾಳಿ, ತೇವ, ಬಿಸಿಲು ತಾಗಿದರೆ ಇಳಿಯುತ್ತಾ ಹೋಗುತ್ತದೆ. ಹೊಸದು ತನ್ನಿ. ಅದರ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತದೆ. ಸಂಪಿಗೆ ಯಾರೂ ಒಬ್ಬರೇ ಇಳಿಯಬೇಡಿ.

ಹಸಿರು ಗೇಟಿನ ಮನೆ:
ನಮ್ಮಲ್ಲಿ ಯುವಿ ಫಿಲ್ಟರ್ ಇದೆ, ನಮಗೂ ಇದೆಲ್ಲ ಬೇಕಾ?

ಮಹಡಿ ಮನೆ:
ಬೇಕು ಆಂಟಿ. ನೀರು ಮಬ್ಬಾಗಿದ್ದರೆ ಮಣ್ಣಿನ ಕಣದ ಮರೆಯಲ್ಲಿರುವ ರೋಗಾಣುವಿಗೆ ಅದನ್ನು ಕೊಲ್ಲುವ ಯುವಿ ಬೆಳಕು ತಾಗುವುದಿಲ್ಲ. ಸೊಪ್ಪು ತೊಳೆಯುವುದು, ಹಲ್ಲುಜ್ಜುವುದು ಸಂಪಿನ ನೀರಲ್ಲೇ ಅಲ್ವಾ? ಸದ್ಯಕ್ಕೆ ಕುಡಿಯೋಕೆ ಚೆನ್ನಾಗಿ ಕುದಿಸಿ. ಕುದಿಸಿದ್ದು ಮುಚ್ಚಿಡಿ, ಅದರಲ್ಲಿ ಕೈ ಅದ್ದಿದರೆ ಮತ್ತೆ ಕೆಡುತ್ತದೆ, ಕ್ಲೋರಿನ್ ಥರ ಕಾಯುವುದು ಅದರಲ್ಲಿ ಏನೂ ಇರುವುದಿಲ್ಲ. ಮಕ್ಕಳಿಗೆ ಒಆರ್‌ಎಸ್ ಕೊಡುತ್ತಿರಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ತಡ ಮಾಡದೆ ಆಸ್ಪತ್ರೆಗೆ.

ಮೂಲೆಮನೆ:
ಸಂಪು ತೊಳೆದರೂ ಮತ್ತೆ ಅದೇ ಪೈಪಿನ ನೀರೇ ತಾನೇ ಬರೋದು?

ಮಹಡಿ ಮನೆ:
ಮುಖ್ಯ ವಿಷಯ ಅದೇ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಎಲ್ಲೋ ಸಣ್ಣ ಸೀಳಿದ್ದರೂ ಪಕ್ಕದ ಒಳಚರಂಡಿ ನೀರು ಒಳಗೆ ನುಗ್ಗುತ್ತದೆ. ಸೀಳು ಮುಚ್ಚುವವರೆಗೂ ನಾವು ಎಷ್ಟು ತೊಳೆದರೂ ಸುಮ್ನೆ. ಯಾವ ಮನೆಯಿಂದ ಕೊಳಕು ನೀರು ಶುರುವಾಗುತ್ತದೆ ಅಂತ ಗೊತ್ತಾದರೆ ಎಲ್ಲಿ ಅಗೆಯಬೇಕು ಅಂತಲೂ ಗೊತ್ತಾಗುತ್ತದೆ. ಮುಂದಿನ ಸಲ ನೀರು ಬಿಟ್ಟ ತಕ್ಷಣ ಎಲ್ಲರೂ ಗಾಜಿನ ಲೋಟದಲ್ಲಿ ಹಿಡಿದು ಫೋಟೋ ಹಾಕಿ, ಮನೆ ನಂಬರ್ ಬರೆಯಿರಿ.

ಮೂಲೆಮನೆ:
ಸರಿ. ಫೋಟೋ ಎಲ್ಲ ಸೇರಿಸಿ ದೂರು ನಾನು ಬರೆಯುತ್ತೇನೆ. ಭಾನುವಾರ ಬೆಳಗ್ಗೆ ಏಳಕ್ಕೆ ನಮ್ಮ ಸಂಪಿನಿಂದಲೇ ಶುರು ಮಾಡೋಣ, ಬ್ರಷ್ ಇರುವವರು ತನ್ನಿ.