ಅಪ್‌ಡೇಟ್: ಅರ್ಧಕ್ಕೆ ನಿಂತ ಕೌದಿ ಮನೆಯ ಬಟ್ಟೆಯಲ್ಲೇ ಮುಗೀತು

ಹೊಸ ಬಟ್ಟೆ ತರದೆ ಕೌದಿಗೆ (ಹಳೆ ಬಟ್ಟೆ ತುಂಡು ಕೂಡಿಸಿ ಹೊಲಿಯೋ ಹೊದಿಕೆ) ಅಡಿಬಟ್ಟೆ ಹೊಂದಿಸೋದು ಹೆಂಗ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಶರಣು.

ಅಡಿಬಟ್ಟೆಗೆ ಒಂದೇ ಹಳೆ ಕಾಟನ್ ಸೀರೆ ಸಾಕಾಯ್ತು. ಐದೂವರೆ ಮೀಟರ್ ಸೀರೆಯನ್ನ ಅಡ್ಡಕ್ಕೆ ಎರಡು ತುಂಡು ಮಾಡಿ, ಅಂಚಿಗೆ ಅಂಚು ಕೂಡಿಸಿದರೆ ಉದ್ದ ಸುಮಾರು 2.7 ಮೀಟರ್, ಅಗಲ 2.2. ಡಬಲ್ ಕಾಟಿಗೂ ಆಗುತ್ತೆ. ಸವೆದ ಜಾಗಕ್ಕೆ ಮೊದಲೇ ತ್ಯಾಪಿ ಹಾಕ್ರಿ, ಆಮೇಲೆ ಆಗೋ ಮಾತಲ್ಲ.

ಒಳಪದರಕ್ಕೆ ಹಳೆ ಧೋತರ, ಒಂದೇ ಪದರ. ಹೆಚ್ಚಾದರೆ ಸೂಜಿ ದಾಟಲ್ಲ, ಒಗೆದರೆ ನಮ್ಮ ಕಲಬುರಗಿ ಬಿಸಿಲಲ್ಲೂ ಒಳಗೆ ಹಸಿ ಉಳಿಯುತ್ತೆ. ಪಾಲಿಯೆಸ್ಟರ್ ತುಂಡು ಬೆರೆಸಬ್ಯಾಡ್ರಿ: ಕಾಟನ್ ಕುಗ್ಗುತ್ತೆ, ಅದು ಕುಗ್ಗಲ್ಲ, ಮೊದಲ ಒಗೆತಕ್ಕೇ ಮುದುರು ಬೀಳುತ್ತೆ. ಮೇಲಿನ ತುಂಡುಗಳಲ್ಲಿ ಕೆಂಪು ಖಣ (ಕುಪ್ಪಸದ ಬಟ್ಟೆ) ಇದ್ದರೆ ಅದರ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡ್ರಿ. ಬಣ್ಣ ಹತ್ತಿದರೆ ಆ ತುಂಡು ಬೇಡವೇ ಬೇಡ.

ಪದರ ಜರುಗದಂತೆ ನಡುವಿನಿಂದ ಅಂಚಿನ ಕಡೆಗೆ ಗೇಣಿಗೊಂದು ಕಚ್ಚಾ ಹೊಲಿಗೆ. ಆಮೇಲೆ ಬೆರಳಗಲ ಬಿಟ್ಟು ಸಾಲು ಟಾಕಿ (ಕೈಹೊಲಿಗೆ). ದಾರ ಒಂದು ಮೊಳಕ್ಕಿಂತ ಉದ್ದ ತಗೊಂಡರೆ ಗಂಟಾಗುತ್ತೆ. ಸುತ್ತಲಿನ ಪಟ್ಟಿಗೆ ಇನ್ನೊಂದು ಸೀರೆಯ ಅಂಚು ಕತ್ತರಿಸಿ ಹಚ್ಚಿದೆ. ಗಟ್ಟಿ ನೇಯ್ಗೆ, ಎಳೆ ಬೇಗ ಬಿಚ್ಚಲ್ಲ.